ಮಳೆಗಾಲ ಶುರುವಾದ ಮೇಲೆ ಮೀಲ್‌ವರ್ಮ್ ಸಾಯುತ್ತಿವೆ, ಟ್ರೇ ಅಂಚಿನಲ್ಲಿ ಧೂಳು ಹರಿದಾಡುತ್ತಿದೆ

ಸಾಗರದ_ಮಳೆ:
ಎಲ್ಲರಿಗೂ ನಮಸ್ಕಾರ. 2021ರಲ್ಲಿ ಯುರೋಪಿನಲ್ಲಿ ಒಣಗಿಸಿದ ಮೀಲ್‌ವರ್ಮ್ (ಹಿಟ್ಟು, ಬೂಸಾ ತಿನ್ನುವ ಒಂದು ದುಂಬಿಯ ಮರಿಹುಳು) ಮನುಷ್ಯರು ತಿನ್ನಲು ಒಪ್ಪಿಗೆ ಸಿಕ್ಕಿತಲ್ಲ, ಅದನ್ನು ಓದಿದಾಗಿನಿಂದ ಆಸೆಯಿತ್ತು. ಈ ಜನವರಿಯಿಂದ ಮನೆ ಊಟಕ್ಕೇ ಅಂತ ಸಾಕುತ್ತಿದ್ದೇನೆ. ಆರು ಪ್ಲಾಸ್ಟಿಕ್ ಟ್ರೇ, ಗೋಧಿ ಬೂಸಾ, ನೀರಿನಂಶಕ್ಕೆ ದಿನಾ ಕ್ಯಾರೆಟ್. ಬೇಸಿಗೆಯಲ್ಲಿ ಎರಡು ಸಲ ಹುರಿದು ತಿಂದೆವು, ಚೆನ್ನಾಗಿತ್ತು. ಚಗಳಿ (ಕೆಂಪಿರುವೆ) ಚಟ್ನಿ ತಿಂದು ಬೆಳೆದ ಮನೆ ನಮ್ಮದು, ಹಾಗಾಗಿ ಯಾರೂ ಬೇಡ ಅನ್ನಲಿಲ್ಲ. ಮಳೆ ಹಿಡಿದ ಮೇಲೆ ಹುಳುಗಳು ಕಪ್ಪಾಗಿ ಸಾಯುತ್ತಿವೆ, ಟ್ರೇ ಅಂಚಿನಲ್ಲಿ ಕಂದು ಬಣ್ಣದ ಧೂಳು ಕೂತಿದೆ, ಮೂತ್ರದಂಥ ವಾಸನೆ ಬೇರೆ. ಏನು ಮಾಡಲಿ?

ಬೂಸಾ_ಡಬ್ಬಿ:
ಆ ಧೂಳನ್ನು ಒಂದು ಚಿಟಿಕೆ ತೆಗೆದು ಕಪ್ಪು ಕಾಗದದ ಮೇಲೆ ಗುಡ್ಡೆ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ. ಹುಳುವಿನ ಹಿಕ್ಕೆ ಆಗಿದ್ದರೆ ಮರಳಿನ ಹಾಗೆ ಸುಮ್ನೆ ಇರುತ್ತದೆ. ಗುಡ್ಡೆ ಹರಡಿಕೊಂಡರೆ ಅದು ಹಿಟ್ಟಿನ ನುಸಿ. ಬೆರಳಲ್ಲಿ ಉಜ್ಜಿದಾಗ ಪುದೀನದಂಥ ವಾಸನೆ ಬಂದರೂ ನುಸಿಯೇ.

ಹಾಸನದ_ರೈತ:
ಬೇವಿನ ಪುಡಿ ಇಲ್ಲಾ ಜಿರಳೆ ಸೀಮೆಸುಣ್ಣ ಹಾಕಿ, ಒಂದೇ ದಿನದಲ್ಲಿ ಹೋಗುತ್ತದೆ.

ಬೂಸಾ_ಡಬ್ಬಿ:
ದಯವಿಟ್ಟು ಬೇಡ ಸರ್. ನಾವು ಸಾಕುತ್ತಿರುವುದೂ ಕೀಟವೇ ಅಲ್ವಾ, ಆ ಸೀಮೆಸುಣ್ಣ ಹುಳುವನ್ನೂ ಕೊಲ್ಲುತ್ತದೆ. ಉಳಿದದ್ದು ನಮ್ಮ ತಟ್ಟೆಗೆ ಬರುತ್ತದೆ. ತಿನ್ನುವ ಹುಳುವಿನ ಹತ್ತಿರ ಯಾವ ಔಷಧಿಯೂ ಸುಳಿಯಬಾರದು.

ಸಾಗರದ_ಮಳೆ:
ನೋಡಿದೆ. ಗುಡ್ಡೆ ಪೂರ್ತಿ ಹರಡಿಕೊಂಡಿತು. ಪುದೀನ ವಾಸನೆಯೂ ಬಂತು. ಬೂಸಾ ಮುಟ್ಟಿದರೆ ತಳದಲ್ಲಿ ಮುದ್ದೆ ಕಟ್ಟಿದೆ.

ಬೂಸಾ_ಡಬ್ಬಿ:
ಹಾಗಾದರೆ ಮೂಲ ಇರುವುದು ಕ್ಯಾರೆಟ್‌ನಲ್ಲಿ. ಗಾಳಿಯ ತೇವ ಶೇ 88 ದಾಟಿದರೆ ಮೀಲ್‌ವರ್ಮ್ ತನ್ನ ಗುದನಾಳದ ಮೂಲಕ ಗಾಳಿಯಲ್ಲಿರುವ ನೀರನ್ನೇ ಎಳೆದುಕೊಳ್ಳಬಲ್ಲದು, ಈ ಶಕ್ತಿ ತುಂಬಾ ಕಡಿಮೆ ಜೀವಿಗಳಿಗೆ ಇದೆ. ನಿಮ್ಮೂರಿನ ಜುಲೈನಲ್ಲಿ ತೇವಕ್ಕೇನು ಬರ. ಬೇಸಿಗೆಯ ಲೆಕ್ಕದಲ್ಲೇ ಕ್ಯಾರೆಟ್ ಹಾಕುತ್ತಾ ಹೋದರೆ ಆ ನೀರೆಲ್ಲ ಬೂಸಾಕ್ಕೆ ಇಳಿಯುತ್ತದೆ, ಬೂಸಾ ಮುಗ್ಗುತ್ತದೆ, ನುಸಿಗೆ ಬೇಕಾದ್ದು ಅಷ್ಟೇ.

ಈಗ ಹುಳುಗಳನ್ನು ಜರಡಿ ಹಿಡಿದು ಬೇರೆ ಮಾಡಿ. ಸತ್ತವನ್ನು, ಹಳೇ ಬೂಸಾವನ್ನು ಮನೆಯಿಂದ ದೂರ ಎಸೆಯಿರಿ, ಟ್ರೇಗಳನ್ನು ಬಿಸಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹೊಸ ಬೂಸಾದ ಜೊತೆಯೂ ನುಸಿ ಬರುತ್ತದೆ, ಅದಕ್ಕೆ ನಾನು ಚೀಲ ತಂದ ತಕ್ಷಣ ಒಂದು ವಾರ ಫ್ರೀಜರ್‌ನಲ್ಲಿ ಇಡುತ್ತೇನೆ. ಜಾಗ ಇಲ್ಲದಿದ್ದರೆ ಬಾಣಲೆಯಲ್ಲಿ ಕೈಗೆ ಚುರುಕ್ ಅನ್ನುವಷ್ಟು ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಹಾಕಿ. ಉಳಿದ ನುಸಿಗೆ ರಾತ್ರಿ ಒಂದು ಆಲೂಗಡ್ಡೆ ಬಿಲ್ಲೆ ಇಡಿ, ಬೆಳಗ್ಗೆ ಅದರ ಮೇಲೆ ಮುತ್ತಿಕೊಂಡಿರುತ್ತವೆ, ಹಾಗೇ ಎತ್ತಿ ಬಿಸಾಕಿ. ಹೀಗೆ ನಾಲ್ಕೈದು ರಾತ್ರಿ.

ಟ್ರೇಗಳಿಗೆ ಮುಚ್ಚಳ ಇದೆಯಾ? ಇದ್ದರೆ ತೆಗೆಯಿರಿ, ತೆಳು ಬಟ್ಟೆ ಸಾಕು.

ತುಂಗಾ_ದಡ:
ಅಕ್ಕ, ಇನ್ನೊಂದು ಮಾತು. ಈ ಟ್ರೇಗಳ ಹುಳುವನ್ನು ಸದ್ಯ ತಿನ್ನಬೇಡಿ. ನುಸಿ ತುಂಬಿದ ಹಿಟ್ಟು ತಿಂದು ಜೋರು ಅಲರ್ಜಿ ಆದವರಿದ್ದಾರೆ. ಸಿಗಡಿ ಆಗದವರಿಗೆ, ಮನೆ ಧೂಳಿನ ನುಸಿ ಆಗದವರಿಗೆ ಮೀಲ್‌ವರ್ಮ್ ಕೂಡ ಆಗದಿರಬಹುದು, ಯುರೋಪಿನಲ್ಲಿ ಪ್ಯಾಕೆಟ್ ಮೇಲೆ ಇದನ್ನು ಬರೆಯಲೇಬೇಕು. ಮನೆಯಲ್ಲಿ ಅಂಥವರು ಯಾರಾದರೂ ಇದ್ದಾರಾ?

ಸಾಗರದ_ಮಳೆ:
ನಮ್ಮ ಅತ್ತೆಗೆ ಸಿಗಡಿ ಆಗುವುದಿಲ್ಲ! ಎರಡು ಸಲವೂ ಅವರು ತಿಂದಿರಲಿಲ್ಲ, ಪುಣ್ಯ. ಇನ್ನು ಮುಂದೆ ಅವರಿಗೆ ಕೊಡುವುದೇ ಇಲ್ಲ. ಮುಚ್ಚಳ ಇತ್ತು, ಈಗಲೇ ತೆಗೆದೆ.

ಸಾಗರದ_ಮಳೆ (ಮೂರು ವಾರದ ನಂತರ):
ಎರಡು ಟ್ರೇ ಪೂರ್ತಿ ಹೋಯಿತು, ನಾಲ್ಕು ಉಳಿಯಿತು. ವಾಸನೆ ಇಲ್ಲ. ಕ್ಯಾರೆಟ್ ಈಗ ವಾರಕ್ಕೊಮ್ಮೆ ಬೆರಳುದ್ದ ಮಾತ್ರ, ಮಾರನೇ ದಿನ ಉಳಿದ ಚೂರು ಹೊರಗೆ. ಆಲೂಗಡ್ಡೆ ಬಿಲ್ಲೆ ಮೂರು ರಾತ್ರಿಯಿಂದ ಚೊಕ್ಕವಾಗಿದೆ. ದುಂಬಿಗಳು ಮೊಟ್ಟೆ ಇಡಲು ಶುರು ಮಾಡಿರಬೇಕು, ಅವುಗಳ ಬೂಸಾವನ್ನು ಹದಿನೈದು ದಿನ ಜರಡಿ ಹಿಡಿಯದೆ ಬಿಡಬೇಕಾ?

ಬೂಸಾ_ಡಬ್ಬಿ:
ಹೌದು, ಮುಟ್ಟಬೇಡಿ. ದುಂಬಿಗಳನ್ನು ಮಾತ್ರ ಮೆಲ್ಲಗೆ ಆರಿಸಿ ಬೇರೆ ಟ್ರೇಗೆ ಹಾಕಿ, ಬಿಟ್ಟರೆ ಮೊಟ್ಟೆಯನ್ನು ಅವೇ ತಿನ್ನುತ್ತವೆ. ಮರಿ ಮೊದಲು ಕಣ್ಣಿಗೆ ಕಾಣುವುದಿಲ್ಲ, ಬೂಸಾ ಅಲ್ಲಲ್ಲಿ ಅಲುಗುತ್ತದೆ. ಆಗ ಹೆದರಿ ಎಸೆಯಬೇಡಿ, ಕಪ್ಪು ಕಾಗದದ ಮೇಲೆ ಹಾಕಿ ನೋಡಿ, ಉದ್ದಕ್ಕೆ ದಾರದ ಹಾಗೆ ಇದ್ದರೆ ಅದು ನಿಮ್ಮ ಹುಳುವೇ.