ತಮ್ಮನ ನೋಟ್‌ಬುಕ್ಕಿನ ಕೊನೇ ಪುಟ ನೋಡಿದೆ, ನೇರವಾಗಿ ಕೇಳಲಾ ಬೇಡ್ವಾ?

ಸಿಂಧನೂರಿನ ಅಕ್ಕ:
ನಾನು ಬಳ್ಳಾರಿಯಲ್ಲಿ ಕೆಲಸ ಮಾಡುತ್ತೇನೆ, ಮನೆ ಸಿಂಧನೂರು ಹತ್ತಿರದ ಹಳ್ಳಿ. ತಮ್ಮನಿಗೆ 13, ಎಂಟನೇ ಕ್ಲಾಸು. ಚಿಕ್ಕಂದಿನಿಂದ ಉಗ್ಗುತ್ತಾನೆ, 'ಪ' ಬಂದರೆ ನಿಂತೇ ಬಿಡುತ್ತಾನೆ. ಕ್ಲಾಸಿನಲ್ಲಿ ಪದ್ಯ ಓದುವಾಗ ಯಾರೋ ರೆಕಾರ್ಡ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ, ಆಮೇಲೆ ಅವನ ಮುಖದ ಸ್ಟಿಕರ್ ಬೇರೆ. ಈಗ ಅವನು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನವರು "ಕಿಕ್ ಹೊಡಿ, ಕಿಕ್ ಹೊಡಿ" ಅಂತಾರಂತೆ. ಮೇಷ್ಟ್ರೂ ನಕ್ಕರಂತೆ.

ಮೂರು ವಾರದಿಂದ ಬೆಳಗಾದರೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಅಪ್ಪನಿಗೆ ನಾಟಿ, ಕಾಲುವೆ ನೀರು, ಆಳು ಇದೇ ಚಿಂತೆ, "ಗಂಡು ಹುಡುಗ ಆಗಿ ಅಳ್ತೀಯೇನು" ಅಂದುಬಿಟ್ಟರು. ಮೊನ್ನೆ ಊರಿಗೆ ಹೋದಾಗ ಗಣಿತದ ನೋಟ್‌ಬುಕ್ಕಿನ ಕೊನೇ ಪುಟ ನೋಡಿದೆ: "ನಾ ಇಲ್ಲಂದ್ರ ಎಲ್ಲಾರಿಗೂ ಆರಾಮ." ಜೀವ ಅಂತಿದ್ದ ಬ್ಯಾಟನ್ನೂ ಚಿಕ್ಕಪ್ಪನ ಮಗನಿಗೆ ಕೊಟ್ಟಿದ್ದಾನೆ. ನಾನು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ನಾನೇ ತಲೆಗೆ ತುಂಬಿದ ಹಾಗೆ ಆಗುತ್ತಾ?

ರಾಯಚೂರು ನರ್ಸ್:
ಆಗಲ್ಲ. ಕೇಳಿದರೆ ಯೋಚನೆ ಹುಟ್ಟಲ್ಲ, ಇದ್ದದ್ದು ಹೊರಗೆ ಬರುತ್ತೆ ಅಷ್ಟೇ. ಇಷ್ಟದ ಸಾಮಾನು ಕೊಟ್ಟುಬಿಡೋದು ಮತ್ತು ಆ ಬರಹ, ಎರಡೂ ಒಟ್ಟಿಗೆ ಇದ್ದರೆ ನಾನು ಇವತ್ತೇ ಕೇಳುತ್ತಿದ್ದೆ. ಸುತ್ತಿ ಬಳಸಿ ಬೇಡ, "ಸಾಯಬೇಕು ಅನ್ನಿಸುತ್ತಾ?" ಅಂತ ಮೆಲ್ಲಗೆ, ಒಬ್ಬನೇ ಇದ್ದಾಗ ಕೇಳಿ. ಹೌದು ಅಂದರೆ ಬೈಬೇಡಿ, ಅಳಬೇಡಿ, ಅಮ್ಮನ ಮೇಲೆ ಆಣೆ ಇಡಿಸಬೇಡಿ. ಆಣೆ ಇಡಿಸಿದರೆ ಮುಂದಿನ ಸಲ ಅವನು ಹೇಳೋದೇ ಇಲ್ಲ.

ಹೊಲಕ್ಕೆ ಹೊಡೆಯೋ ಔಷಧಿ, ಮನೆಯಲ್ಲಿರೋ ಮಾತ್ರೆ ಬೀಗದಲ್ಲಿಡಿ, ಕೀಲಿ ಅವನ ಕೈಗೆ ಸಿಗಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನೇ ಮಾಡಬೇಕು ಅಂತಿಲ್ಲ, ಮೊದಲು ನೀವೇ ಮಾಡಿ ಹೇಗೆ ಕೇಳಲಿ ಅಂತ ಕೇಳಿ. ಹೇಗೆ, ಯಾವಾಗ ಅಂತೆಲ್ಲ ಯೋಚಿಸಿಟ್ಟಿದ್ದಾನೆ ಅಂತ ಗೊತ್ತಾದರೆ ಮಾತ್ರ ಬೆಳಗಿನವರೆಗೆ ಕಾಯಬೇಡಿ, ಒಬ್ಬನನ್ನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಗಂಗಾವತಿ ಭತ್ತ:
ತಪ್ಪು ತಿಳೀಬೇಡಿ, ನಾವೆಲ್ಲ ಕುಳ್ಳ, ಕರಿಯ ಅನ್ನಿಸಿಕೊಂಡೇ ದೊಡ್ಡವರಾದ್ವಿ. ಈಗಿನ ಮಕ್ಕಳಿಗೆ ಯಾವುದೂ ತಡೆಯಲ್ಲ. ಫೋನ್ ಕಿತ್ತುಕೊಳ್ಳಿ, ಸರಿಹೋಗುತ್ತಾನೆ.

ಹಳೇ ಲಾಸ್ಟ್ ಬೆಂಚು:
@ಗಂಗಾವತಿ ಭತ್ತ, ನಾವು ದೊಡ್ಡವರಾದ್ವಿ ನಿಜ ಸರ್, ಆಗದೇ ಹೋದವರು ಇಲ್ಲಿ ಬಂದು ಬರೆಯಲ್ಲ ಅಲ್ವಾ. ನನ್ನ ತುಟಿ ಮೇಲೆ ತೊನ್ನಿತ್ತು. ಎರಡು ವರ್ಷ ಯಾರೂ ನನ್ನ ಜೊತೆ ಡಬ್ಬಿ ಹಂಚಿಕೊಳ್ಳಲಿಲ್ಲ. ಓದು ತಲೆಗೆ ಹೋಗ್ತಿರಲಿಲ್ಲ, ರಾತ್ರಿ ನಿದ್ದೆ ಇಲ್ಲ, ಕೊನೆಕೊನೆಗೆ ಅವರು ಹೇಳೋದೇ ನಿಜ, ತಪ್ಪು ನನ್ನದೇ ಅನ್ನಿಸಿಬಿಡ್ತು. ಆದರೆ ಸಂಜೆ ಮನೆಗೆ ಬಂದರೆ ಅಷ್ಟಕ್ಕೆ ಮುಗೀತಿತ್ತು. ಈ ಹುಡುಗನಿಗೆ ಸ್ಟಿಕರ್ ಹಾಸಿಗೆವರೆಗೂ ಬರುತ್ತೆ. ಹಾಗಂತ ಫೋನ್ ಕಿತ್ತುಕೊಂಡರೆ ಅವನಿಗೇ ಶಿಕ್ಷೆ ಕೊಟ್ಟಂಗೆ. ನಾನು ಮನೆಯಲ್ಲಿ ಹೇಳದೇ ಇದ್ದದ್ದೇ ಆ ಭಯಕ್ಕೆ, ಹೇಳಿದರೆ ಇರೋದೂ ಹೋಗುತ್ತೆ ಅಂತ.

ಕೊಪ್ಪಳದ ಟೀಚರಮ್ಮ:
ಶಾಲೆಯ ಮಾತು ಹೇಳುತ್ತೇನೆ. ಸ್ಟಿಕರ್, ಆಡಿಯೋ ಎಲ್ಲ ತಾರೀಖು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಬೇರೆ ಯಾರಿಗೂ ಕಳಿಸಬೇಡಿ. ಹೆಡ್ ಮೇಷ್ಟ್ರಿಗೆ ಬರವಣಿಗೆಯಲ್ಲೇ ಕೊಡಿ, ಬಾಯಿಮಾತು ಸ್ಟಾಫ್ ರೂಮಿನ ಚಹಾ ಜೊತೆ ಮುಗಿದುಹೋಗುತ್ತೆ (ನಾನೂ ಅಲ್ಲೇ ಕೂತಿರುವವಳು, ಗೊತ್ತು). ನಕ್ಕ ಮೇಷ್ಟ್ರ ವಿಷಯವನ್ನೂ ಬರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡುವುದೂ ತಪ್ಪು. ಶಾಲೆಯವರು ಕದಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮತ್ತೆ ಆ ಹುಡುಗರನ್ನು ಇವನ ಎದುರು ನಿಲ್ಲಿಸಿ "ಸಾರಿ ಕೇಳ್ರೋ" ಅನ್ನೋ ನಾಟಕ ಮಾತ್ರ ಬೇಡ, ಮರುದಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಡ್ಡಿ ಸಮೇತ ತೀರಿಸುತ್ತಾರೆ.

ಡಾಕ್ಟರ್ ಹತ್ತಿರ ಹೋಗೋಕೆ "ಹುಚ್ಚರ ಆಸ್ಪತ್ರೆ" ಅಂತ ಅಪ್ಪ ತಡೆದರೆ ಒಂದು ಮಾತು ಹೇಳಿ. ಊರಿನ ಸಣ್ಣ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ನಿಮ್ಹಾನ್ಸ್‌ನವರು 1985ರ ಹೊತ್ತಿಗೆ ಮಾಡಿ ತೋರಿಸಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ನೋಡಿಕೊಂಡು 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಬೇರೆ ಕಡೆಗೂ ಹರಡಿತು. ನಮ್ಮ ಕಡೆಗೆ ಇದು ಹೊಸದೇನಲ್ಲ.

ಸಿಂಧನೂರಿನ ಅಕ್ಕ:
ಕೇಳಿದೆ. ಮೊದಲು 14416ಕ್ಕೆ ಮಾಡಿ ಮಾತಾಡಿದೆ, ಆಮೇಲೆ ಬಸ್ ಹತ್ತಿ ಊರಿಗೆ ಹೋದೆ. ರಾತ್ರಿ ಮಾಳಿಗೆ ಮೇಲೆ ಇಬ್ಬರೇ ಇದ್ವಿ. ಜಾಸ್ತಿ ಹೊತ್ತು ಸುಮ್ನೆ ಇದ್ದ. ಆಮೇಲೆ "ಹೂಂ, ಅನ್ನಿಸ್ತದ" ಅಂದ. ಹೇಗೆ ಅಂತೆಲ್ಲ ಯೋಚಿಸಿಲ್ಲವಂತೆ. ಅಷ್ಟು ಹೇಳೋಕೆ ಹತ್ತು ನಿಮಿಷ ತಗೊಂಡ, ಉಗ್ಗಿ ಉಗ್ಗಿ. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಪದ ತುಂಬಿಸಿಕೊಡಲೂ ಇಲ್ಲ. ಅಪ್ಪ ಕೆಳಗಿಂದ ಕೇಳಿಸಿಕೊಂಡಿರಬೇಕು, ಬೆಳಿಗ್ಗೆ ಔಷಧಿ ಡಬ್ಬಿಯೆಲ್ಲ ತಾವೇ ಪಂಪ್‌ಸೆಟ್ ಮನೆಗೆ ಸಾಗಿಸಿ ಬೀಗ ಹಾಕಿದರು, ಏನೂ ಮಾತಾಡಲಿಲ್ಲ. ನಾಳೆ ರಾಯಚೂರಿಗೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅಪ್ಪನೂ ಬರುತ್ತಾರಂತೆ.