ಮೈಲ್ಸ್ ಒಂದೇ ಡಬ್ಬಿಗೆ ಹಾಕಬೇಕಾ, ನಾಲ್ಕಕ್ಕೆ ಹಂಚಬೇಕಾ?

ಪ್ರಶ್ನೆ, ಡಲ್ಲಾಸ್‌ನಿಂದ

ನಾವು ನಾಲ್ಕು ಜನ. ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುತ್ತೇವೆ. ಬೆಂಗಳೂರಲ್ಲಿ ಇಳಿದು ಅಲ್ಲಿಂದ ಶಿವಮೊಗ್ಗ. ನಡುವಿನ ವರ್ಷ ಅತ್ತೆ ಮಾವ ಇಲ್ಲಿಗೆ ಬರುತ್ತಾರೆ. ಪ್ರತಿ ಸಲ ಯಾವುದು ಅಗ್ಗವೋ ಅದರಲ್ಲೇ ಟಿಕೆಟ್. ಹಾಗಾಗಿ ಎಮಿರೇಟ್ಸ್, ಕತಾರ್, ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್, ಎಲ್ಲದರಲ್ಲೂ ಖಾತೆ ಇದೆ. ಹಾರಿದ್ದಕ್ಕೆ ಕಂಪನಿಯವರು ಖಾತೆಗೆ ಹಾಕುವ ಪಾಯಿಂಟ್ಸ್ ಇದೆಯಲ್ಲ, ಅದೇ ಮೈಲ್ಸ್, ಯಾವುದರಲ್ಲೂ ಒಂದು ಟಿಕೆಟ್‌ಗೆ ಆಗುವಷ್ಟು ಇಲ್ಲ. ಯಜಮಾನರು ಆಫೀಸ್ ಕೆಲಸಕ್ಕೆ ತಿಂಗಳಿಗೊಮ್ಮೆ ಅಮೆರಿಕದೊಳಗೇ ಓಡಾಡುತ್ತಾರೆ, ಹೆಚ್ಚಾಗಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ. ಇನ್ನು ಮುಂದೆ ಒಂದನ್ನೇ ಹಿಡಿಯಬೇಕಾ? ಅನುಭವ ಇದ್ದವರು ಹೇಳಿ.

ಡಲ್ಲಾಸ್‌ನಲ್ಲಿ ಹತ್ತು ವರ್ಷ ಇದ್ದು ಮೈಸೂರಿಗೆ ವಾಪಸಾದವರು

ಊರಿಗೆ ಹೋಗುವ ಟಿಕೆಟ್ ಬಗ್ಗೆಯೇ ಜಾಸ್ತಿ ಯೋಚನೆ ಮಾಡುತ್ತಿದ್ದೀರಿ. ನಿಮ್ಮ ಯಜಮಾನರ ತಿಂಗಳ ಓಡಾಟ ಅದಕ್ಕಿಂತ ದೊಡ್ಡದು. ಅಲ್ಲಿಂದ ಶುರು ಮಾಡಿ.

ಹತ್ತುವ ವಿಮಾನ ಒಂದೇ ಕಂಪನಿಯದ್ದು ಆಗಬೇಕಿಲ್ಲ, ಖಾತೆ ಒಂದಾದರೆ ಸಾಕು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಆರು ವರ್ಷ ಬೇಕಾಯಿತು! ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಕತಾರ್ ಮೂರೂ ಒನ್‌ವರ್ಲ್ಡ್ ಅನ್ನುವ ಒಂದೇ ಗುಂಪಿನವು. ಕತಾರ್‌ನಲ್ಲಿ ದೋಹಾ ಮೇಲೆ ಬೆಂಗಳೂರಿಗೆ ಹೋದರೂ, ಟಿಕೆಟ್ ಮಾಡುವಾಗ ಅಮೆರಿಕನ್ ಖಾತೆಯ ನಂಬರ್ ಕೊಟ್ಟರೆ ಮೈಲ್ಸ್ ಅಲ್ಲಿಗೇ ಬಂದು ಬೀಳುತ್ತದೆ. ಲುಫ್ತಾನ್ಸಾ ಇರುವುದು ಸ್ಟಾರ್ ಅಲಯನ್ಸ್‌ನಲ್ಲಿ, ಯುನೈಟೆಡ್ ಮತ್ತು ಸಿಂಗಾಪುರ್ ಏರ್‌ಲೈನ್ಸ್ ಜೊತೆ. 2014ರಿಂದ ಏರ್ ಇಂಡಿಯಾ ಕೂಡ ಅದರಲ್ಲೇ. ಎಮಿರೇಟ್ಸ್ ಯಾವ ಗುಂಪಿಗೂ ಸೇರಿಲ್ಲ.

ಡಲ್ಲಾಸ್ ಅಮೆರಿಕನ್‌ನವರ ತವರು. ನೀವು ನ್ಯೂವಾರ್ಕ್ ಹತ್ತಿರ ಇದ್ದಿದ್ದರೆ ಯುನೈಟೆಡ್ ಅನ್ನುತ್ತಿದ್ದೆ. ಮನೆ ಹತ್ತಿರದ ಏರ್‌ಪೋರ್ಟ್‌ನಲ್ಲಿ ಯಾರ ವಿಮಾನ ಜಾಸ್ತಿಯೋ ಅವರ ಖಾತೆಯೇ ಬೇಗ ತುಂಬುವುದು.

ಆದರೆ ಊರಿಗೆ ಒಂದು ಸಲ ಹೋಗಿ ಬಂದರೆ ರಾಶಿ ಮೈಲ್ಸ್ ಬರುತ್ತದೆ ಅಂದುಕೊಳ್ಳಬೇಡಿ. ಡಲ್ಲಾಸ್‌ನಿಂದ ದೋಹಾ ಮೇಲೆ ಬೆಂಗಳೂರಿಗೆ ಒಂಬತ್ತು ಸಾವಿರ ಮೈಲಿಗೂ ಜಾಸ್ತಿ ಆಗುತ್ತದೆ ನಿಜ. ಅಗ್ಗದ ಟಿಕೆಟ್‌ಗೆ ಸಿಗುವುದು ಅದರ ಒಂದು ಪಾಲು ಮಾತ್ರ, ಕಾಲು ಭಾಗವೂ ಆಗಬಹುದು. ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದಲ್ಲ, ಬುಕಿಂಗ್ ಕ್ಲಾಸ್ ಅಂತ, ಎಲ್ಲ ನಿರ್ಧಾರ ಆಗುವುದು ಅದರ ಮೇಲೆ. ನಾನು ಅಮೆರಿಕನ್ ಮೈಲ್ಸ್ ಕೊಟ್ಟು ಕತಾರ್‌ನಲ್ಲಿ ಎಕಾನಮಿ ಸೀಟು ತೆಗೆದುಕೊಂಡಾಗ ಒಂದು ದಾರಿಗೆ 40,000 ಹಿಡಿಯಿತು. ಲೆಕ್ಕ ಹಾಕಿ ನೋಡಿ, ಬರೀ ಊರಿನ ಓಡಾಟ ನಂಬಿಕೊಂಡರೆ ಎಷ್ಟು ವರ್ಷ ಬೇಕು ಅಂತ.

ಇನ್ನೊಂದು. ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿ ಮೈಲ್ಸ್ ಕೊಟ್ಟು ಟಿಕೆಟ್ ತೆಗೆದರೂ ಸರ್‌ಚಾರ್ಜ್ ಅಂತ ಕೈಯಿಂದ ಒಳ್ಳೇ ದುಡ್ಡು ಬೀಳುತ್ತದೆ. ಕತಾರ್‌ಗೆ ಅದೇ ಅಮೆರಿಕನ್ ಮೈಲ್ಸ್ ಕೊಟ್ಟರೆ ಆ ಹೊರೆ ತುಂಬಾ ಕಡಿಮೆ.

ನ್ಯೂಜೆರ್ಸಿಯಿಂದ

ನಾನು ಒಂದನ್ನೇ ಹಿಡಿದು ಕೆಟ್ಟವಳು, ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಎರಡು ವರ್ಷದ ಹಿಂದೆ ಬರೀ ಮೈಲ್ಸ್ ಆಸೆಗೆ ಒಬ್ಬೊಬ್ಬರಿಗೆ 300 ಡಾಲರ್ ಜಾಸ್ತಿ ಕೊಟ್ಟೆ. ನಾಲ್ಕು ಜನಕ್ಕೆ 1,200. ಸಾಲದ್ದಕ್ಕೆ ಎರಡು ವರ್ಷದ ಮಗು ಕಟ್ಟಿಕೊಂಡು ಹನ್ನೊಂದು ಗಂಟೆ ನಡುವೆ ಕಾಯುವ ಟಿಕೆಟ್. ಬಂದ ಮೈಲ್ಸ್‌ನಲ್ಲಿ ಆ ದುಡ್ಡಿನ ಕಾಲು ಭಾಗವೂ ಹುಟ್ಟಲಿಲ್ಲ. ಈಗ ಮನೆಮಂದಿ ಎಲ್ಲ ಹೋಗುವಾಗ ದುಡ್ಡು ಮತ್ತು ಹೊತ್ತು ಎರಡನ್ನೇ ನೋಡುತ್ತೇನೆ. ಅತ್ತೆ ಮಾವನಿಗಂತೂ ಒಂದೇ ಕಡೆ ವಿಮಾನ ಬದಲಾಯಿಸಬೇಕು, ವೀಲ್‌ಚೇರ್ ಸಿಗಬೇಕು, ಅಷ್ಟೇ.

ಒಟ್ಟುಗೂಡಿಸಲೇಬೇಕು ಅಂದರೆ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಕೂಡಿಸಿ. ಚೇಸ್ ಬ್ಯಾಂಕ್ ಕಾರ್ಡಿನ ಪಾಯಿಂಟ್ಸ್ ಯುನೈಟೆಡ್‌ಗೂ ಹೋಗುತ್ತದೆ, ಬ್ರಿಟಿಷ್ ಏರ್‌ವೇಸ್‌ಗೂ ಹೋಗುತ್ತದೆ, ಸಿಂಗಾಪುರ್‌ಗೂ ಹೋಗುತ್ತದೆ. ಸೀಟು ಕಣ್ಣಿಗೆ ಕಂಡ ಮೇಲೆ ವರ್ಗಾಯಿಸಿ, ಮೊದಲೇ ಬೇಡ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಮ್ಮೆ ಹಾಕಿದಿರೋ ಮತ್ತೆ ಹಾಲಾಗುವುದಿಲ್ಲ.

ಬೆಂಗಳೂರಿನಿಂದ

ಒಂದೇ ಕಡೆ ಕೂಡಿಸಿ, ಆದರೆ ಕೂಡಿಟ್ಟುಕೊಂಡು ಕೂರಬೇಡಿ. ನಮ್ಮ ಕಡೆಯ ಕಥೆ ನೋಡಿ. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು, ಅದರ ಪಾಯಿಂಟ್ಸ್ ಇದ್ದವರಿಗೆ ಏನೂ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಅದರ ಮೈಲ್ಸ್ ನೋಡಿಕೊಳ್ಳುತ್ತಿದ್ದದ್ದು ಬೇರೆ ಕಂಪನಿ, ಹಾಗಾಗಿ ಇಂಟರ್‌ಮೈಲ್ಸ್ ಅನ್ನುವ ಹೆಸರಲ್ಲಿ ಮೈಲ್ಸ್ ಬದುಕಿತು. ಹತ್ತಲು ಜೆಟ್ ವಿಮಾನವೇ ಇರಲಿಲ್ಲ ಅನ್ನುವುದು ಬೇರೆ ಮಾತು! ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾಕ್ಕೆ ಸೇರಿತು, ಪಾಯಿಂಟ್ಸ್ ಕೂಡ ಅಲ್ಲಿಗೇ ಹೋಯಿತು.

ಕಂಪನಿ ಗಟ್ಟಿಯಾಗಿದ್ದರೂ ಇವತ್ತು 40,000 ಅಂದದ್ದನ್ನು ನಾಳೆ 55,000 ಅನ್ನಬಹುದು, ಕೇಳುವವರಿಲ್ಲ. ಮೈಲ್ಸ್ ಹಗೇವಿನಲ್ಲಿ ವರ್ಷಗಟ್ಟಲೆ ಇಡುವ ರಾಗಿಯಲ್ಲ, ಹುಳ ಬೀಳುವ ಅವರೆಕಾಳು. ಒಂದು ಟಿಕೆಟ್‌ಗೆ ಆಯಿತಾ, ಖರ್ಚು ಮಾಡಿ.

ಹ್ಯೂಸ್ಟನ್‌ನಿಂದ

ಯಾರೂ ಹೆಸರಿನ ತೊಂದರೆ ಹೇಳಲಿಲ್ಲ. ನಮ್ಮವರಿಗೆ ಇದೇ ದೊಡ್ಡ ತಲೆನೋವು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎಲ್ಲ ಉದ್ದಕ್ಕೆ ಇದೆ. ಮೈಲ್ಸ್ ಖಾತೆ ಮಾಡುವಾಗ ನಾನು ಸುಮ್ನೆ ಎರಡು ಅಕ್ಷರ ಹಾಕಿ ಮುಗಿಸಿದ್ದೆ. ಎರಡೂ ಹೊಂದಲಿಲ್ಲ, ಹೋಗಿ ಬಂದ ಮೈಲ್ಸ್ ಸೇರಲೇ ಇಲ್ಲ. ಬೋರ್ಡಿಂಗ್ ಪಾಸ್ ಕಳಿಸಿ ಅಂದರು. ಅಮ್ಮ ಅದನ್ನು ಮಡಚಿ ಕುಂಕುಮದ ಪೊಟ್ಟಣ ಕಟ್ಟಿದ್ದರು! ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಖಾತೆ ಮಾಡಿ. ಮೈಲ್ಸ್ ಬಂದು ಸೇರುವವರೆಗೆ ಬೋರ್ಡಿಂಗ್ ಪಾಸ್‌ನ ಫೋಟೋ ಫೋನ್‌ನಲ್ಲಿ ಇರಲಿ.

ಮತ್ತೆ ಡಲ್ಲಾಸ್‌ನಿಂದ

ಎಲ್ಲರಿಗೂ ಥ್ಯಾಂಕ್ಸ್. ಈಗಾಗಲೇ ಚೂರು ಚೂರು ಬಿದ್ದಿರುವುದನ್ನು ಏನು ಮಾಡಲಿ? ಎಮಿರೇಟ್ಸ್‌ನಲ್ಲಿ 18,000, ಕತಾರ್‌ನಲ್ಲಿ 14,000, ಬ್ರಿಟಿಷ್ ಏರ್‌ವೇಸ್‌ನಲ್ಲಿ 9,000.

ಮೈಸೂರಿನವರು

ಕತಾರ್ 2022ರಿಂದ ಏವಿಯೋಸ್ ಅನ್ನುವ ಹೆಸರಿನ ಮೈಲ್ಸ್ ಬಳಸುತ್ತದೆ, ಬ್ರಿಟಿಷ್ ಏರ್‌ವೇಸ್‌ನದ್ದೂ ಅದೇ ಏವಿಯೋಸ್. ಎರಡು ಖಾತೆ ಜೋಡಿಸಿದರೆ ನಿಮ್ಮ 14 ಮತ್ತು 9 ಸೇರಿ 23,000 ಆಗುತ್ತದೆ. ಎಮಿರೇಟ್ಸ್ ಮೈಲ್ಸ್‌ಗೆ ಮೂರು ವರ್ಷದ ಆಯಸ್ಸು. ಮನೆಯವರದ್ದೆಲ್ಲ ಒಟ್ಟು ಸೇರಿಸುವ ಸೌಲಭ್ಯ ಅಲ್ಲಿದೆ, ಎಂಟು ಜನರವರೆಗೆ. ಮುಂದಿನ ಸಲ ಅತ್ತೆ ಮಾವ ಅದರಲ್ಲಿ ಬಂದರೆ ಅವರದ್ದನ್ನೂ ಸೇರಿಸಿ ಖರ್ಚು ಮಾಡಿ ಮುಗಿಸಿ.

ಅಮೆರಿಕನ್‌ನಲ್ಲಿ 24 ತಿಂಗಳು ಖಾತೆ ಅಲುಗಾಡದಿದ್ದರೆ ಮೈಲ್ಸ್ ಹೋಗುತ್ತದೆ. ಯಜಮಾನರಿಗೆ ಆ ಚಿಂತೆ ಇಲ್ಲ, ತಿಂಗಳಿಗೊಮ್ಮೆ ಅಲುಗಾಡುತ್ತಲೇ ಇರುತ್ತದೆ. ಅವರ ಮೈಲ್ಸ್‌ನಿಂದ ನಿಮಗೆ, ಮಕ್ಕಳಿಗೆ, ಅತ್ತೆಗೆ ಯಾರಿಗೆ ಬೇಕಾದರೂ ಟಿಕೆಟ್ ಮಾಡಬಹುದು. ಹೀಗೇ ಓಡಾಡಿ ಅವರಿಗೆ ಒನ್‌ವರ್ಲ್ಡ್ ಸಫೈರ್ ಅನ್ನುವ, ಜಾಸ್ತಿ ಹಾರುವವರಿಗೆ ಕೊಡುವ ದರ್ಜೆ ಸಿಕ್ಕರೆ ಊರಿಗೆ ಹೋಗುವಾಗ ಲೌಂಜ್ ಕೂಡ ಉಂಟು. ಜೊತೆಗೆ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಬಹುದು. ಯಾರನ್ನು ಅನ್ನುವುದು ನಿಮ್ಮ ಮನೆ ವಿಷಯ.

ಡಲ್ಲಾಸ್‌ನಿಂದ

ಏವಿಯೋಸ್ ಜೋಡಿಸಿದೆ, ಹತ್ತು ನಿಮಿಷವೂ ಆಗಲಿಲ್ಲ. ಅತ್ತೆಯ ಖಾತೆಯಲ್ಲಿ ನೋಡಿದರೆ ನಾನೂ ಇನಿಷಿಯಲ್ಲೇ ಹಾಕಿದ್ದೇನೆ, ಪಾಸ್‌ಪೋರ್ಟ್ ಫೋಟೋ ಕಳಿಸಿ ಅಂತ ಊರಿಗೆ ಮೆಸೇಜ್ ಹಾಕಿದ್ದೇನೆ. ಲುಫ್ತಾನ್ಸಾ ಖಾತೆಯ ಪಾಸ್‌ವರ್ಡ್ ಇನ್ನೂ ನೆನಪಾಗಿಲ್ಲ.