ಮನೆ ಹೊಸದಾಯ್ತು, ಲೈಟು ಸಾಕೆಟ್ ಮಾತ್ರ ತಪ್ಪು ಜಾಗದಲ್ಲಿ: ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹಳೆ ಮನೆ ರಿಪೇರಿ ಮಾಡಿಸಿದವರೆಲ್ಲ ಒಂದೇ ದೂರು ಹೇಳುತ್ತಿದ್ದೀರಿ. ಲೈಟು ಬೇಕಾದ ಕಡೆ ಇಲ್ಲ, ಪ್ಲಗ್ ಪಾಯಿಂಟ್ ಕೈಗೆ ಸಿಗಲ್ಲ. ಮೈಸೂರಿನಲ್ಲಿ 22 ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿರುವ ನಮ್ಮ ಗುಂಪಿನ ಎಲೆಕ್ಟ್ರಿಷಿಯನ್ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ, ದಯವಿಟ್ಟು.

ತುಮಕೂರಿನಿಂದ: ಸರ್, ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿದೆವು. ರಾತ್ರಿ ಫ್ಯಾನ್ ಹಾಕಿದರೆ ಇಡೀ ಹಾಲ್ ಮಿಣಿಮಿಣಿ ಅನ್ನುತ್ತದೆ. ಅಮ್ಮನಿಗೆ ತಲೆನೋವು ಶುರುವಾಗಿದೆ. ಬಲ್ಬ್ ಎರಡು ಸಲ ಬದಲಾಯಿಸಿದೆ.

ಎಲೆಕ್ಟ್ರಿಷಿಯನ್: ಬಲ್ಬಿನ ತಪ್ಪಲ್ಲ ಸರ್. ಲೈಟು ಫ್ಯಾನ್ ರೆಕ್ಕೆಯ ಮೇಲ್ಗಡೆ ಬಂದಿದೆ. ರೆಕ್ಕೆ ಅಡ್ಡ ಬಂದಾಗಲೆಲ್ಲ ನೆರಳು. 1200 ಎಂಎಂ ಫ್ಯಾನ್ ಅಂದ್ರೆ ನಡುವಿನಿಂದ ರೆಕ್ಕೆ ತುದಿಗೆ ಎರಡು ಅಡಿ. ಲೈಟು ಫ್ಯಾನ್ ನಡುವಿನಿಂದ ಮೂರು ಅಡಿಯಾದರೂ ಆಚೆ ಇರಲಿ. ಜಿಪ್ಸಮ್ ಬೋರ್ಡ್ ತಾನೇ, ಹೊಸ ತೂತು ಕೊರೆದು ಹಳೆಯದಕ್ಕೆ ತುಂಡು ಕೂರಿಸಿ ಪುಟ್ಟಿ ಹೊಡೆಸಿ. ವೈರ್ ಸಾಲದಿದ್ದರೆ ಟೇಪ್ ಸುತ್ತಿ ಒಳಗೆ ಬಿಸಾಕಬೇಡಿ. ಕನೆಕ್ಟರ್ ಹಾಕಿ ಡಬ್ಬಿಯೊಳಗಿಡಿ. ಲೈಟು ಇಳಿಸಿದರೆ ಆ ಡಬ್ಬಿ ಕೈಗೆ ಸಿಗಬೇಕು.

ಹಾಸನದಿಂದ: ಅಡುಗೆಮನೆ ಲೈಟು ನನ್ನ ಬೆನ್ನ ಹಿಂದೆ ಬಂದಿದೆ ಅಣ್ಣ. ಈರುಳ್ಳಿ ಹೆಚ್ಚುವಾಗ ಮಣೆ ಮೇಲೆ ನನ್ನದೇ ನೆರಳು.

ಎಲೆಕ್ಟ್ರಿಷಿಯನ್: ಮೇಲಿನ ಕಬೋರ್ಡಿನ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸಿ, ಮುಂದಿನ ಅಂಚಿಗೆ ಹತ್ತಿರ. ಅದರ ಡ್ರೈವರ್, ಅಂದ್ರೆ ಪಟ್ಟಿಗೆ ಕರೆಂಟು ಕೊಡುವ ಸಣ್ಣ ಡಬ್ಬಿ, ಒಲೆ ಮೇಲೆ ಬೇಡ.

ದಾವಣಗೆರೆಯಿಂದ: ಸರ್, ಬೆಡ್‌ರೂಮ್ ಬಾಗಿಲು ತೆರೆದರೆ ಸ್ವಿಚ್ ಬೋರ್ಡ್ ಬಾಗಿಲ ಹಿಂದೆ ಹೋಗುತ್ತದೆ. ಬೋರ್ಡ್ ತೆಗೆಸಲಾ, ಬಾಗಿಲು ತಿರುಗಿಸಲಾ?

ಶಿವಮೊಗ್ಗದಿಂದ: ಫ್ರಿಜ್ ಹತ್ತಿರ ಪಾಯಿಂಟ್ ಇಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಬಹುದಾ?

ಎಲೆಕ್ಟ್ರಿಷಿಯನ್: ಟಿವಿಗೆ, ಮೊಬೈಲಿಗೆ ಹಾಕಿ. ಫ್ರಿಜ್, ವಾಷಿಂಗ್ ಮೆಷಿನ್, ಓವನ್, ಇಸ್ತ್ರಿ ಪೆಟ್ಟಿಗೆಗೆ ಬೇಡ.

ಕುವೆಂಪುನಗರದಿಂದ: ಇದು ನಿಮ್ಮ ವಿಷಯವೋ ಅಲ್ಲವೋ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಮಾಡ್ಯುಲರ್ ಕಿಚನ್ ಮಾಡಿಸಿದೆವು. ಹಳೆ 15 ಆಂಪ್ ಪಾಯಿಂಟ್ ಹೊಸ ಕಬೋರ್ಡಿನ ಹಿಂದೆ ಹೋಯಿತು. ಕಾರ್ಪೆಂಟರ್ ಪ್ಲೈವುಡ್ ಕೊರೆದು ಅದನ್ನೇ ಒಂದೂವರೆ ಅಡಿ ಪಕ್ಕಕ್ಕೆ ಎಳೆದುಕೊಟ್ಟರು. ಈಗ ದಿನಾ ಸಂಜೆ ಅಡುಗೆಮನೆಯಲ್ಲಿ ಮೀನಿನ ವಾಸನೆ! ನಾವು ಮೀನು ತರುವವರೇ ಅಲ್ಲ. ಸಿಂಕ್ ಪೈಪ್ ಬಿಚ್ಚಿ ತೊಳೆಸಿದೆ. ಇಲಿ ಸತ್ತಿದೆಯೇನೋ ಅಂತ ಡ್ರಾಯರ್‌ಗಳನ್ನೆಲ್ಲ ಎಳೆದು ನೋಡಿದೆವು.

ಶಿವಮೊಗ್ಗದಿಂದ: ಮೇಡಂ, ಸಿಂಕಿಗೆ ಅಡುಗೆ ಸೋಡಾ, ನಿಂಬೆರಸ ಸುರಿಯಿರಿ. ಫಾರ್ವರ್ಡ್ ಬಂದಿತ್ತು, ಕಳಿಸುತ್ತೇನೆ.

ಎಲೆಕ್ಟ್ರಿಷಿಯನ್: ಸೋಡಾ ಆಮೇಲೆ. ಕುವೆಂಪುನಗರದ ಮೇಡಂ, ಈಗಲೇ ಎದ್ದು ಹೋಗಿ ಅಡುಗೆಮನೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಟ್ರಿಪ್ ಆಗುವ ಸ್ವಿಚ್ಚು) ಆಫ್ ಮಾಡಿ. ಯಾವುದು ಅಂತ ಗೊತ್ತಾಗದಿದ್ದರೆ ಮೇನ್ ಆಫ್ ಮಾಡಿ. ಮಾಡಿ ಬಂದು ಹೇಳಿ.

ಕುವೆಂಪುನಗರದಿಂದ: ಮಾಡಿದೆ. ಗಾಬರಿಯಾಗುತ್ತಿದೆ.

ಎಲೆಕ್ಟ್ರಿಷಿಯನ್: ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಒಳಗೊಳಗೇ ಕಾದಾಗ ಎಷ್ಟೋ ಸಲ ಸುಟ್ಟ ವಾಸನೆ ಬರುವುದಿಲ್ಲ, ಮೀನಿನ ವಾಸನೆ ಬರುತ್ತದೆ. ಕೆಲವರಿಗೆ ಮೂತ್ರದ ವಾಸನೆ ಅನ್ನಿಸುತ್ತದೆ. ಯೂರಿಯಾ ಸೇರಿಸಿ ಮಾಡುವ ಪ್ಲಾಸ್ಟಿಕ್ ಅದು. ಸಂಜೆ ಮಾತ್ರ ಬರುತ್ತದೆ ಅಂದರೆ ಸಂಜೆ ಅಲ್ಲಿ ಏನೋ ದೊಡ್ಡದು ಓಡುತ್ತಿದೆ. ಏನದು?

ಕುವೆಂಪುನಗರದಿಂದ: ಇಂಡಕ್ಷನ್ ಒಲೆ. ಈಗ ಪ್ಲೈವುಡ್ ಮುಟ್ಟಿ ನೋಡಿದೆ, ಬೆಚ್ಚಗಿದೆ. ಆದರೆ ಎಂಸಿಬಿ ಒಂದು ಸಲವೂ ಟ್ರಿಪ್ ಆಗಿಲ್ಲವಲ್ಲ?

ಎಲೆಕ್ಟ್ರಿಷಿಯನ್: ಆಗಲ್ಲ. ಅದಕ್ಕೇ ನನಗೆ ಭಯ. 2000 ವಾಟ್ ಒಲೆ 230 ವೋಲ್ಟಿಗೆ ಹೆಚ್ಚುಕಡಿಮೆ 9 ಆಂಪ್ ಎಳೆಯುತ್ತದೆ. 15 ಆಂಪ್ ಪಾಯಿಂಟಿಗೆ ಅದೇನೂ ಜಾಸ್ತಿ ಅಲ್ಲ. ತೊಂದರೆ ಇರುವುದು ಜಾಯಿಂಟಿನಲ್ಲಿ. ಆ ಒಂದೂವರೆ ಅಡಿ ವೈರ್ ಎಲ್ಲಿಂದ ಬಂತು? ಹಳೆ ಡಬ್ಬಿಯೊಳಗೆ ಅಷ್ಟುದ್ದ ಯಾರೂ ಬಿಟ್ಟಿರುವುದಿಲ್ಲ. ತುಂಡು ಸೇರಿಸಿ, ತಿರುಚಿ, ಟೇಪ್ ಸುತ್ತಿರುತ್ತಾರೆ. ತಿರುಚಿದ್ದು ಸಡಿಲವಾದರೆ ಅಲ್ಲೇ ಕಾಯುತ್ತದೆ. ಕಾದಷ್ಟೂ ಇನ್ನೂ ಸಡಿಲ, ಇನ್ನೂ ಬಿಸಿ. ಎಂಸಿಬಿಗೆ ಕಾಣುವುದು ಅದೇ 9 ಆಂಪ್. ಇನ್ನೊಂದು ಸುರಕ್ಷತೆ ಸ್ವಿಚ್ಚು ಆರ್‌ಸಿಸಿಬಿ ನೋಡುವುದು ಕರೆಂಟು ಸೋರುತ್ತಿದೆಯಾ ಅಂತ, ಇಲ್ಲಿ ಸೋರುತ್ತಿಲ್ಲ. ಎರಡೂ ಸುಮ್ನೆ ಕೂತಿರುತ್ತವೆ.

ಹೋದ ವರ್ಷ ಇಂಥದ್ದೇ ಒಂದು ಕಬೋರ್ಡ್ ಬಿಚ್ಚಿದೆ. ಟೇಪು ಬೆಲ್ಲದ ಪಾಕದ ಹಾಗೆ ಇಳಿದಿತ್ತು. ತಾಮ್ರ ಕರ್ರಗಾಗಿತ್ತು. ಪ್ಲೈ ಮೇಲೆ ಅಂಗೈ ಅಗಲ ಕಲೆ, ತಳ ಸೀದ ದೋಸೆ ಹಾಗೆ.

ಪ್ಲೈ ಕೊಯ್ಯಿಸಿ ಹಳೆ ಡಬ್ಬಿ ತನಕ ಹೋಗಿ. ಸೇರಿಸಿದ ತುಂಡು ಕಿತ್ತು ಹಾಕಿಸಿ. ಎಂಸಿಬಿಯಿಂದ ಹೊಸ ಸಾಕೆಟ್ ತನಕ ಒಂದೇ ವೈರ್, 4 ಚದರ ಎಂಎಂ ದಪ್ಪದ್ದು, ನಡುವೆ ಜಾಯಿಂಟ್ ಇರಬಾರದು. ಗೋಡೆಯೊಳಗೆ ವೈರ್ ಹೋಗುವ ಪೈಪು ಕಟ್ಟಿಕೊಂಡಿಲ್ಲದಿದ್ದರೆ ಹಳೆ ವೈರಿಗೇ ಕಟ್ಟಿ ಹೊಸದನ್ನು ಎಳೆಯಬಹುದು, ಗೋಡೆ ಒಡೆಯಬೇಕಾಗಿಲ್ಲ. ಸಾಕೆಟ್ ಕಬ್ಬಿಣದ ಡಬ್ಬಿಯಲ್ಲಿ ಕೂರಲಿ, ಡಬ್ಬಿಗೆ ಅರ್ತ್ ಕೊಡಿಸಿ. ಅಲ್ಲಿಯವರೆಗೆ ಆ ಎಂಸಿಬಿ ಆನ್ ಮಾಡಬೇಡಿ. ಒಂದು ಲೋಟ ಕಾಫಿಗೂ ಬೇಡ.

ಕುವೆಂಪುನಗರದಿಂದ: ಫ್ರಿಜ್ ಕೂಡ ಅದರಲ್ಲೇ ಇದೆ.

ಎಲೆಕ್ಟ್ರಿಷಿಯನ್: ಹಾಲು ಪಕ್ಕದ ಮನೆಯಲ್ಲಿಡಿ.

ಮಂಡ್ಯದಿಂದ: ನಾನು ಕಾರ್ಪೆಂಟರ್. ಎಲ್ಲದಕ್ಕೂ ನಮ್ಮದೇ ತಪ್ಪಾ? ಎಲೆಕ್ಟ್ರಿಷಿಯನ್‌ಗೆ ನಾಲ್ಕು ದಿನ ಫೋನ್ ಮಾಡಿದರೂ ಎತ್ತಲ್ಲ. ಮನೆಯವರು ನಿಂತುಕೊಂಡು 'ಅಷ್ಟು ಎಳೆದುಬಿಡಿ, ಏನಾಗುತ್ತೆ' ಅಂತಾರೆ. ಮುನ್ನೂರು ರೂಪಾಯಿ ಉಳಿಸೋಕೆ.

ತುಮಕೂರಿನಿಂದ: ಏನಾಗುತ್ತೆ ಅಂತ ಗೊತ್ತಿಲ್ಲದ ಮೇಲೆ ಮುಟ್ಟಬಾರದು ಅಲ್ವಾ ಸ್ವಾಮಿ?

ಮಂಡ್ಯದಿಂದ: ನೀವು ಫ್ಯಾನ್ ಮೇಲೆ ಲೈಟು ಹಾಕಿಸಿಕೊಂಡವರು. ನೀವು ಹೇಳಬೇಡಿ.

ತುಮಕೂರಿನಿಂದ: ಅದನ್ನು ಹಾಕಿದ್ದು ನಿಮ್ಮಂಥವರೇ.

ಹಾಸನದಿಂದ: ಇಬ್ಬರೂ ಸ್ವಲ್ಪ ಸುಮ್ಮನಿರಿ. ನಮ್ಮ ಮನೆಯಲ್ಲಿ ಡಿಸೈನರ್ ನಕ್ಷೆ ಕೊಟ್ಟಿದ್ದರು. ಅದರಲ್ಲಿ ಸಾಕೆಟ್ಟೇ ಬರೆದಿರಲಿಲ್ಲ.

ಎಲೆಕ್ಟ್ರಿಷಿಯನ್: ಮಂಡ್ಯದವರು ಹೇಳಿದ್ದರಲ್ಲಿ ಅರ್ಧ ನಿಜ. ನಾವೂ ಫೋನ್ ಎತ್ತಲ್ಲ. ಆದರೂ ವೈರ್ ಮುಟ್ಟಬೇಡಿ ಸ್ವಾಮಿ.

ರಾಯಚೂರಿನಿಂದ: ವಾಷಿಂಗ್ ಮೆಷಿನ್‌ಗೆ ಎಕ್ಸ್‌ಟೆನ್ಷನ್ ಹಾಕಬಹುದಾ?

ಎಲೆಕ್ಟ್ರಿಷಿಯನ್: ಮೇಲೆ ಬರೆದಿದ್ದೇನೆ.

ಶಿವಮೊಗ್ಗದಿಂದ: ಫಾರ್ವರ್ಡ್: 'ಹೊಸ ಪಾಯಿಂಟಿಗೆ ಅರ್ತ್ ಸಿಗದಿದ್ದರೆ ಚಿಂತೆ ಬೇಡ, ಅರ್ತ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿ. ಎಲ್ಲರಿಗೂ ಹಂಚಿ.'

ಎಲೆಕ್ಟ್ರಿಷಿಯನ್: ಡಿಲೀಟ್ ಮಾಡಿ. ಆ ನ್ಯೂಟ್ರಲ್ ಎಲ್ಲೋ ಒಂದು ಕಡೆ ಕಿತ್ತುಕೊಂಡರೆ ಫ್ರಿಜ್ಜಿನ ಬಾಗಿಲಿಗೇ ಕರೆಂಟು ಬರುತ್ತದೆ. ಬಾಗಿಲು ತೆಗೆಯುವುದು ಮಕ್ಕಳು.

ಶಿವಮೊಗ್ಗದಿಂದ: ಒಳ್ಳೇದಕ್ಕೆ ಹಾಕಿದೆ. ಇಷ್ಟು ಖಾರವಾಗಿ ಹೇಳಬೇಕಿತ್ತಾ?

ಎಲೆಕ್ಟ್ರಿಷಿಯನ್: ಇನ್ನೂ ಡಿಲೀಟ್ ಆಗಿಲ್ಲ.

ಬೀದರ್‌ನಿಂದ: ಪ್ಲಗ್ ಪಾಯಿಂಟ್ ಆಗ್ನೇಯದಲ್ಲೇ ಇರಬೇಕು ಅಂತಾರಲ್ಲ, ನಿಜಾನಾ?

ಮಂಡ್ಯದಿಂದ: ಶುರುವಾಯ್ತು.

ದಾವಣಗೆರೆಯಿಂದ: ಸರ್, ನನ್ನ ಬಾಗಿಲಿನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ.

ಗದಗದಿಂದ: ಮೈಕ್ರೋವೇವ್‌ಗೆ ಎಕ್ಸ್‌ಟೆನ್ಷನ್ ನಡೆಯುತ್ತಾ?

ಎಲೆಕ್ಟ್ರಿಷಿಯನ್: ಇಲ್ಲ ಇಲ್ಲ ಇಲ್ಲ.

ಅಡ್ಮಿನ್: ಶಿವಮೊಗ್ಗದವರ ಮೆಸೇಜ್ ತೆಗೆದಿದ್ದೇನೆ. ಉಳಿದದ್ದು ನಾಳೆ ಬೆಳಿಗ್ಗೆ.

ಕುವೆಂಪುನಗರದಿಂದ: ಬೆಳಿಗ್ಗೆ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಬಿಚ್ಚಿದರು. ಎರಡು ಜಾಯಿಂಟ್ ಇತ್ತು. ಒಂದರ ಟೇಪ್ ಕರಗಿ ಪ್ಲೈಗೆ ಅಂಟಿಕೊಂಡಿತ್ತು. ಸಾಕೆಟ್ಟಿನ ಹಿಂಭಾಗ ಕಂದಾಗಿದೆ. ಮೂಸಿದರೆ ಅದೇ ಮೀನು.

ಎಲೆಕ್ಟ್ರಿಷಿಯನ್: ಸೇರಿಸಿದ ತುಂಡು ಎಷ್ಟು ಎಂಎಂ?

ಕುವೆಂಪುನಗರದಿಂದ: 1 ಎಂಎಂ ಅಂದರು.

ಎಲೆಕ್ಟ್ರಿಷಿಯನ್: ಅದು ಲೈಟಿಗೆ ಹಾಕುವ ವೈರ್. ನಿಮ್ಮ ಮನೆಯಲ್ಲಿ ಆ ಕಾರ್ಪೆಂಟರ್ ಇನ್ನೆಲ್ಲೆಲ್ಲಿ ಪಾಯಿಂಟ್ ಸರಿಸಿದ್ದಾರೋ ಅಷ್ಟನ್ನೂ ಬಿಚ್ಚಿಸಿ. ಇವತ್ತೇ.

ಕುವೆಂಪುನಗರದಿಂದ: ಟಿವಿ ಹಿಂದೆ ಒಂದು, ವಾರ್ಡ್‌ರೋಬ್ ಹಿಂದೆ ಒಂದು. ಬೆಳಿಗ್ಗೆ ಬಂದ ಎಲೆಕ್ಟ್ರಿಷಿಯನ್ ಇಲ್ಲೇ ಇದ್ದಾರೆ, ಬಿಚ್ಚಿಸುತ್ತೇನೆ.

ದಾವಣಗೆರೆಯಿಂದ: ಸರ್, ಬಾಗಿಲು?